ಮಾಂಬಳ್ಳಿ ಕಾರಿನ ಎಡಗಡೆ ಚಕ್ರದ ಬಗ್ಗೆ

ನನ್ನ ಹೆಸರು ಮಾದಸ್ವಾಮಿ, ತಂದೆ ಪುಟ್ಟಮಾದಯ್ಯ, ವಯಸ್ಸು 44 ವರ್ಷ, ಕಸುಬು ಮೋಟಾರು ರಿಪೇರಿ, ವಾಸ ಯಳಂದೂರು ರಸ್ತೆ, ಕೊಳ್ಳೇಗಾಲ ಟೌನು. ಠಾಣೆಗೆ ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಬಂದು, ತಮ್ಮ ಮುಂದೆ ನಿಂತು ಬರೆಸುತ್ತಿರುವ ಸಂಗತಿ ಏನೆಂದರೆ:

ಮಾಂಬಳ್ಳಿಯ ಚಿಕ್ಕಮಾದಪ್ಪನವರ ಒಬ್ಬನೇ ಮಗ ರುದ್ರಸ್ವಾಮಿ, 27 ವರ್ಷ, ಈ ಮಂಗಳವಾರ ಕಾರು ಮಗುಚಿ ತೀರಿಕೊಂಡರು. ಅಪ್ಪನ ಸೋಮವಾರದ ನೇಮವೇ ಮಗನನ್ನು ನುಂಗಿತು ಎಂದು ಊರೆಲ್ಲ ಆಡುತ್ತಿದೆ. ಚಿಕ್ಕಮಾದಪ್ಪನವರೂ ಅದನ್ನೇ ನಂಬಿ ಊಟ ಬಿಟ್ಟಿದ್ದಾರೆ. ಊರಿನ ಬಾಯಿ ಮುಚ್ಚಿಸುವುದು ನನ್ನಿಂದ ಆಗದು. ಆದರೆ ನಡೆದದ್ದು ಅದಲ್ಲ.

ದಿನಾಂಕ 11-2-1968 ಭಾನುವಾರ ಮಧ್ಯಾಹ್ನ 2 ಗಂಟೆಗೆ ರುದ್ರಸ್ವಾಮಿಯವರು ತಮ್ಮ ಫಿಯಟ್ ಕಾರನ್ನು ನನ್ನ ಶೆಡ್ಡಿಗೆ ತಂದರು. ಮದರಾಸಿನ ಹತ್ತಿರ ಹಿಂದೆ ವಿಮಾನ ಇಳಿಯುತ್ತಿದ್ದ ಓಡುದಾರಿಯ ಮೇಲೆ ನಡೆಯುವ ಕಾರ್ ರೇಸಿಗೆ ಅವರು ವರ್ಷಕ್ಕೆ ಎರಡು ಸಲ ಹೋಗುತ್ತಿದ್ದರು. ಮುಂದಿನ ರೇಸು ಇದೇ 18ಕ್ಕೆ ಇತ್ತು. ನಲವತ್ತು ಮೈಲಿ ವೇಗ ದಾಟಿದರೆ ಮುಂದಿನ ಎಡ ಚಕ್ರದಲ್ಲಿ ಗುಂಯ್ ಎಂದು ಸದ್ದು ಬರುತ್ತದೆ ಎಂದರು. ಜಾಕ್ ಕೊಟ್ಟು ಅಲುಗಿಸಿ ನೋಡಿದೆ. ಬೇರಿಂಗ್ ಹೋಗಿತ್ತು. ರೇಸಿನ ತಿರುವುಗಳಲ್ಲಿ ಕಾರಿನ ಭಾರವೆಲ್ಲ ಒಂದೇ ಕಡೆಗೆ ಬೀಳುವುದರಿಂದ ಬೇರಿಂಗ್ ಬೇಗ ಸವೆಯುತ್ತದೆ. ಇದು ಎಲ್ಲ ಮೇಸ್ತ್ರಿಗಳಿಗೂ ತಿಳಿದಿರುವುದಿಲ್ಲ, ನನಗೆ ತಿಳಿದಿತ್ತು.

ಅವರೇ ಮೈಸೂರಿನಿಂದ ತಂದಿದ್ದ ಹೊಸ ಬೇರಿಂಗ್ ಎರಡನ್ನೂ, ಒಳಗಿನದು ಮತ್ತು ಹೊರಗಿನದು, ಗ್ರೀಸ್ ತುಂಬಿ ಕೂರಿಸಿದೆ. ಚಕ್ರವನ್ನು ಹಿಡಿದಿಡುವ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅದಕ್ಕೆ ಅಡ್ಡಲಾಗಿ ಒಂದು ಪಿನ್ನು ಹಾಕಬೇಕು. ಹಳೆಯ ಪಿನ್ನು ಬಿಚ್ಚುವಾಗ ಮುರಿದಿತ್ತು. ನನ್ನ ಡಬ್ಬಿಯಲ್ಲಿ ಆ ಅಳತೆಯದು ಇರಲಿಲ್ಲ. ಭಾನುವಾರವಾದ್ದರಿಂದ ಮಹದೇವುವಿನ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಪಿನ್ನಿನ ಜಾಗಕ್ಕೆ ಎರಡು ಎಳೆ ಕಟ್ಟುತಂತಿ ತೂರಿಸಿ ತಿರುಚಿದೆ. ಮೇಲೆ ಗ್ರೀಸಿನ ಮುಚ್ಚಳ ಬಡಿದೆ. ಮುಚ್ಚಳ ಕೂತರೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಆಗ ಸಂಜೆ 5-20.

ಹೊಸ ಬೇರಿಂಗ್ ಸ್ವಲ್ಪ ಓಡಿದ ಮೇಲೆ ನಟ್ಟಿನ ಬಿಗಿಯನ್ನು ಇನ್ನೊಮ್ಮೆ ನೋಡಬೇಕು. ಅದಕ್ಕೆ ಚಕ್ರವನ್ನು ಎತ್ತಿ ತಿರುಗಿಸಲೇಬೇಕು. ಈಗ ಮೆಲ್ಲಗೆ ಮನೆಗೆ ಹೋಗಿ ನಾಳೆ ಕಾರು ತನ್ನಿ ಎಂದು ರುದ್ರಸ್ವಾಮಿಯವರಿಗೆ ಹೇಳಿದೆ. ಅವರು ನಕ್ಕು, “ನಾಳೆ ಸ್ವಾಮಾರ ಕಣ್ ಮೇಸ್ತ್ರಿ. ನಮ್ಮಪ್ಪ ಗಾಡಿನೇ ಕಟ್ಟಾಕ್ ಬುಡಲ್ಲ, ಕಾರ್ ಬುಟ್ಟಾರಾ?” ಎಂದರು. ಆ ಮನೆಯಲ್ಲಿ ಸೋಮವಾರ ಮಾದಪ್ಪ ದೇವರ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾರು ಬಂದ ಮೇಲೆ ಚಿಕ್ಕಮಾದಪ್ಪನವರು ಅದನ್ನೂ ಎತ್ತಿನ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು. ಸೋಮವಾರ ಆ ಮನೆಯ ಯಾವ ಚಕ್ರವೂ ಉರುಳಬಾರದು. ಹಾಗಾದರೆ ನಾನೇ ಬರುತ್ತೇನೆ ಎಂದೆ. ತಂತಿಯ ವಿಷಯ ಹೇಳಲಿಲ್ಲ. ಈ ಸುತ್ತಮುತ್ತ ರೇಸಿನ ಕಾರು ಮುಟ್ಟಿದವನು ನಾನೊಬ್ಬನೇ ಎಂಬ ಜಂಬ ನನಗಿತ್ತು.

ದಿನಾಂಕ 12-2-1968 ಸೋಮವಾರ ಬೆಳಿಗ್ಗೆ 10 ಗಂಟೆಗೆ ಮಹದೇವುವಿನ ಅಂಗಡಿಯಲ್ಲಿ ಸರಿಯಾದ ಪಿನ್ನು ತೆಗೆದುಕೊಂಡೆ. 3-30ಕ್ಕೆ ಸೈಕಲ್ಲಿನಲ್ಲಿ ಜಾಕ್ ಕಟ್ಟಿಕೊಂಡು ಹೊರಟು 4-25ಕ್ಕೆ ಮಾಂಬಳ್ಳಿ ಸೇರಿದೆ. ರುದ್ರಸ್ವಾಮಿಯವರು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿದ್ದರು. ಕಾರು ಕೊಟ್ಟಿಗೆಯ ಪಕ್ಕದಲ್ಲಿತ್ತು. ಎತ್ತುಗಳ ಹಣೆಗೂ ಕಾರಿನ ಮೂತಿಗೂ ಒಂದೇ ತಟ್ಟೆಯ ವಿಭೂತಿ ಹಚ್ಚಿದ್ದರು.

ನಾನು ಜಾಕ್ ಇಳಿಸುವುದನ್ನು ಕಂಡು ಚಿಕ್ಕಮಾದಪ್ಪನವರು, “ಇವತ್ತು ಬ್ಯಾಡ ಕಣಪ್ಪ ಮೇಸ್ತ್ರಿ, ನಾಳೆ ಬಾ” ಎಂದರು. ಸಣ್ಣದೊಂದು ಕೆಲಸ ಬಾಕಿ ಇದೆ ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಅಪಾಯ ಏನಾರ ಅದಾ? ಇದ್ರೆ ಯೋಳ್ಬುಡು. ಮಾದಪ್ಪನ್ಗೆ ತಪ್ಪುಕಾಣ್ಕೆ ಕಟ್ಬುಟ್ಟು ನಾನೇ ಗಾಲಿ ತಿರುಗಿಸ್ಕೊಡ್ತೀನಿ” ಎಂದರು.

“ಅಂತಾದ್ದೇನಿಲ್ಲ ಯಜಮಾನ್ರೇ” ಎಂದೆ.

ತಂತಿ ಹಾಕಿದ್ದೇನೆ ಎಂದರೆ, ಮೈಸೂರಿಗೆ ಕಳಿಸದೆ ನಿನ್ನ ಕೈಗೆ ಕೊಟ್ಟೆವಲ್ಲ ಎನ್ನುತ್ತಾರೆ ಎಂದು ನಾಚಿಕೆಯಾಯಿತು. ಅವರ ಹೆಂಡತಿ ಚನ್ನಾಜಮ್ಮನವರು ಕೊಟ್ಟ ಬೆಲ್ಲದ ಕಾಫಿ ಕುಡಿದು, ನಾಳೆ 8ಕ್ಕೆ ಬರುತ್ತೇನೆ ಎಂದು ಹೇಳಿ 5 ಗಂಟೆಗೆ ಹಿಂದಿರುಗಿದೆ.

ದಿನಾಂಕ 13-2-1968 ಮಂಗಳವಾರ ಬೆಳಿಗ್ಗೆ 6-45ಕ್ಕೆ ಶೆಡ್ಡಿನಿಂದ ಹೊರಟೆ. ಸುಮಾರು ಮೂರು ಮೈಲಿ ಹೋದಾಗ ಕಬ್ಬಿನ ಗದ್ದೆಯ ಅಂಚಿನಲ್ಲಿ ಒಂದು ಕಾರಿನ ಚಕ್ರ ಬಿದ್ದಿರುವುದು ಕಂಡಿತು. ಕಾರು ಕಾಣಲಿಲ್ಲ. ಚಕ್ರದ ನಡುವಿನ ಹಬ್ಬಿನ ಮೇಲೆ ನಾನು ಮುಚ್ಚಳ ಬಡಿದಿದ್ದ ಸುತ್ತಿಗೆಯ ಗುರುತು ಇತ್ತು. ಆಗ 7-15. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಹೆಂಡತಿಗೂ ಹೇಳಿಲ್ಲ. ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿ ತೆಗೆದೆ. ಬಿಚ್ಚಿಕೊಂಡ ನಟ್ಟು ಮತ್ತು ತುಂಡಾದ ತಂತಿ ಗ್ರೀಸಿನಲ್ಲಿ ಸಿಕ್ಕಿದವು. ತಂತಿಯನ್ನು ಜೇಬಿಗೆ ಹಾಕಿಕೊಂಡೆ. ಮುಚ್ಚಳವನ್ನು ಮತ್ತೆ ಬಡಿದೆ. ಆ ಮೇಲೆ ಕಾರು ಹುಡುಕಿಕೊಂಡು ಹೋದೆ. ಅದು ಮುಂದೆ ಎಪ್ಪತ್ತು ಗಜದಲ್ಲಿ, ಕಾಲುವೆಯ ಏರಿಯ ಕೆಳಗೆ ಬುಡಮೇಲಾಗಿತ್ತು. ಗಡಿಯಾರ ನೋಡಿದೆ, 7-21. ಅಂದರೆ ತಂತಿಗೆ ನಾನು ಸುಮಾರು ಐದು ನಿಮಿಷ ಕೊಟ್ಟಿದ್ದೆ.

ರುದ್ರಸ್ವಾಮಿಯವರಿಗೆ ಇನ್ನೂ ಜೀವವಿತ್ತು. “ನಿನ್ತಾಕೇ ಬತ್ತಿದ್ದೆ ಮೇಸ್ತ್ರಿ. ನಿಂಗ್ಯಾಕೆ ಸೈಕಲ್ ತುಳ್ಯೋ ಕಷ್ಟ ಅಂತ” ಎಂದರು. ಆ ಮೇಲೆ ಮಾತಾಡಲಿಲ್ಲ. ಭತ್ತದ ಲಾರಿಯೊಂದನ್ನು ನಿಲ್ಲಿಸಿ ಹಾಕಿಕೊಂಡು ಕೊಳ್ಳೇಗಾಲದ ಆಸ್ಪತ್ರೆಯ ಬಾಗಿಲಿಗೆ ಬಂದಾಗ 7-50. ಜೀವ ಹೋಗಿ ಸ್ವಲ್ಪ ಹೊತ್ತಾಗಿದೆ ಎಂದು ಡಾಕ್ಟರು ಹೇಳಿದರು. ಐದು ನಿಮಿಷ ಮೊದಲು ತಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅದೇ ದಿನ ಆಸ್ಪತ್ರೆಯಲ್ಲಿ ತಮ್ಮ ಇಲಾಖೆಯವರು ಕೇಳಿದಾಗ, ಕಾರು ಗುಂಡಿಗೆ ಬಿದ್ದು ಚಕ್ರ ಕಳಚಿರಬೇಕು ಎಂದು ಹೇಳಿದ್ದೆ. ಅದು ಸುಳ್ಳು. ತಂತಿಯ ತುಂಡುಗಳನ್ನು ಈಗ ಒಪ್ಪಿಸಿದ್ದೇನೆ.

ನಿನ್ನೆ ಗುರುವಾರ ಬೆಳಿಗ್ಗೆ 11 ಗಂಟೆಗೆ ನಿಜ ಹೇಳಿಬಿಡಬೇಕೆಂದು ಮಾಂಬಳ್ಳಿಗೆ ಹೋದೆ. ಚಿಕ್ಕಮಾದಪ್ಪನವರು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತಿದ್ದರು. ಮೂರು ದಿನದಿಂದ ಏನೂ ತಿಂದಿಲ್ಲ ಎಂದು ಚನ್ನಾಜಮ್ಮನವರು ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮಾದಪ್ಪನವರು ಎದ್ದು ನಿಂತು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ನನಗೆ ಕೈ ಮುಗಿದರು. “ನೀ ಬಂದಿದ್ದೆ, ನಾ ವಾಪಸ್ ಕಳುಸ್ದೆ. ನನ್ ನೇಮಕ್ಕೆ ಅಂಜ್ಕಂಡು ಅಪಾಯ ಇಲ್ಲ ಅಂದೆ ನೀನು, ನಂಗೊತ್ತು ಕಣಪ್ಪ. ತಪ್ಪು ನಂದೇ” ಎಂದರು. ನಾನು ನಿಜ ಹೇಳದೆಯೇ ಸೈಕಲ್ ಹತ್ತಿ ಬಂದುಬಿಟ್ಟೆ.

ಅವರ ನೇಮಕ್ಕೆ ನಾನು ಅಂಜಿರಲಿಲ್ಲ. ನನ್ನ ಹೆಸರು ಕೆಡುತ್ತದೆ ಎಂದು ಅಂಜಿದ್ದೆ. ಅವರ ಮುಖ ನೋಡಿಕೊಂಡು ಇದನ್ನು ಹೇಳುವುದು ನನ್ನಿಂದ ಆಗುವುದಿಲ್ಲ. ಆದ್ದರಿಂದ ಕೇಸು ಹಾಕುವ ಮೊದಲು ಯಾರಾದರೂ ಇವತ್ತೇ ಮಾಂಬಳ್ಳಿಗೆ ಹೋಗಿ ಈ ಹೇಳಿಕೆಯನ್ನು ಅವರಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಅವರು ಒಂದು ತುತ್ತು ಉಣ್ಣಲಿ. ನನ್ನನ್ನು ಏನು ಮಾಡಬೇಕೋ ಆಮೇಲೆ ಮಾಡಿ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಕೊಳ್ಳೇಗಾಲ
ದಿನಾಂಕ: 16-2-1968, ಬೆಳಿಗ್ಗೆ 9-40
(ಸಹಿ) ಮಾದಸ್ವಾಮಿ