ನಾಲ್ಕನೇ ಮಂಚದ ರಕ್ತ

ಇದು ನಮ್ಮ ಪಕ್ಕದ ಮನೆಯ ರವೀಂದ್ರನಿಗೇ ಆದದ್ದು. ಕುಮಟೆಯಲ್ಲಿ ನಾನು ಮೇಟ್ರನ್ ಆಗಿರುವ ಆಸ್ಪತ್ರೆಯಲ್ಲೇ ಅವನು ಪರೀಕ್ಷೆಗೆ ರಕ್ತ ತೆಗೆಯುವವನು.

ರಾತ್ರಿ ಒಂದೂವರೆ. ವಾರ್ಡಿನಿಂದ ಆಲದ ಮರದ ಬಾವಿಯ ಪಕ್ಕ ನಡೆದು ಬ್ಲಡ್ ಬ್ಯಾಂಕಿಗೆ ಹೊರಟಿದ್ದ. ಡಬ್ಬಿಯಲ್ಲಿ ರಕ್ತದ ಒಂದೇ ನಳಿಕೆ, ಅಲುಗಿ... ಕಟ್, ಕಟ್. ಸಂತೆಗುಳಿಯ ಸಣ್ಣಿ, ತುಂಬು ಬಸುರಿ, ಮೈಯಲ್ಲಿ ರಕ್ತವಿಲ್ಲ. ಬೆಳಗ್ಗೆ ಸಿಸೇರಿಯನ್. ಆ ನಳಿಕೆಯದಕ್ಕೆ ಹೊಂದುವ ರಕ್ತ ರಾತ್ರಿಯೇ ಬರಬೇಕು. ಗುಂಪು ತಪ್ಪಿದರೆ ಅವಳು ಉಳಿಯುವುದಿಲ್ಲ.

ಇವನ ಕೆಲಸ ಹೇಳಲು ನನಗೆ ನಾಚಿಕೆ. ಟೂರ್ನಿಕೆಟ್ ಪಟ್ಟಿ ತೋಳಿನ ಮೇಲೆ ಒಂದು ನಿಮಿಷ ಮೀರಬಾರದು. ಇವನು ಕಟ್ಟಿಟ್ಟು ಊರ ಸುದ್ದಿ ಹೇಳುತ್ತಾನೆ. ನಳಿಕೆಯನ್ನು ಮೆಲ್ಲಗೆ ತಿರುಗಿಸಿ ಬೆರೆಸು ಎಂದರೆ ಕಷಾಯದ ಬಾಟಲಿಯಂತೆ ಕುಲುಕುತ್ತಾನೆ. ರೋಗಿಯ ಬಾಯಿಂದ ಹೆಸರು ಕೇಳಿ, ರಕ್ತ ತೆಗೆದು, ಅಲ್ಲೇ ನಿಂತು ಲೇಬಲ್ ಬರೆಯಬೇಕು. ಇವನು ಮೇಜಿನಲ್ಲೇ ಬರೆದಿಟ್ಟುಕೊಂಡು, ಮಂಚದ ನಂಬರ್ ನೋಡಿ ಚುಚ್ಚುತ್ತಾನೆ. ಡಿಪ್ಲೊಮಾಕ್ಕೆ ಮಾತ್ರ ಚೌಕಟ್ಟು ಹಾಕಿಸಿದ್ದಾನೆ.

ಬಾವಿಯ ಹತ್ತಿರ... ಕಿರ್... ಕಿರ್... ರಾಟೆಯ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ. ಕಟ್ಟೆಯ ಮೇಲೆ ಒಬ್ಬ ಹೆಂಗಸು, ಬೆನ್ನು ಮಾಡಿ ಕೂತಿದ್ದಳು.

"ಎಂತ ತಮ್ಮಾ ಅದು?" ಪಿಸುದನಿ.

"ರಕ್ತ."

"ಯಾರದ್ದು?"

"ಸಣ್ಣಿದು."

"ಅವಳೇ ಹೇಳಿದ್ಲಾ?"

"ನಾಲ್ಕನೇ ಮಂಚ..."

"ಸಣ್ಣಿದು ತೆಗದ್ಯಾ, ಮಂಚದ್ದು ತೆಗದ್ಯಾ?"

ಸದ್ದು ನಿಂತಿತು... ಕಟ್ಟೆ ಖಾಲಿ.

ವಾರ್ಡಿಗೆ ಓಡಿ ಬಂದು ನಾಲ್ಕನೇ ಮಂಚದವಳನ್ನು ಎಬ್ಬಿಸಿದ. "ಅಕ್ಕಾ, ನಿಮ್ಮ ಹೆಸರು ಎಂತ?"

"ಮಂಜಿ."

ಸಣ್ಣಿ ಎದುರು ಸಾಲಿನಲ್ಲಿದ್ದಳು. ನಾಲ್ಕನೆಯದರಲ್ಲಿ ತಲೆ ಉತ್ತರಕ್ಕೆ ಬರುತ್ತದೆ, ಬಸುರಿಗೆ ಆಗದು ಎಂದು ಅವಳ ಅತ್ತೆ ಸಂಜೆ ಯಾರಿಗೂ ಹೇಳದೆ ಮಂಚ ಬದಲಿಸಿದ್ದಳು. ಮಂಜಿಯೂ ಬಸುರಿಯೇ, ಅವಳ ದಿಕ್ಕು ನೋಡಲು ಅವಳ ಅತ್ತೆ ಬಂದಿರಲಿಲ್ಲ.

ಈ ಸಲ ಹೆಸರು ಕೇಳಿ ತೆಗೆದ, ಅಲ್ಲೇ ಬರೆದ. ಸಣ್ಣಿಯದು ಓ ಗುಂಪು. ಮಂಜಿಯದು ಬಿ. ತಾಯಿ ಮಗು ಇಬ್ಬರೂ ಉಳಿದರು.

ಬೆಳಗ್ಗೆ ನನ್ನೆದುರು ನಿಂತು ಎಲ್ಲ ಒಪ್ಪಿಕೊಂಡ. ಎಡಗೈ ಮಾತ್ರ ಮಡಚಿಯೇ ಹಿಡಿದಿದ್ದ.

"ಕೈ ನೆಟ್ಟಗೆ ಮಾಡು," ಎಂದೆ.

ಮೊಣಕೈ ಮಡಿಕೆಯಲ್ಲಿ ಹತ್ತಿ, ಮೇಲೆ ಅಂಟುಪಟ್ಟಿ.

"ಯಾರು ತೆಗೆದದ್ದು?"

"ಗೊತ್ತಿಲ್ಲ ಮೇಡಂ... ಬಾವಿಯಿಂದ ಬಂದಾಗಲೇ ಇತ್ತು."

ಪಟ್ಟಿ ಬಿಡಿಸಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕನ್ನಡಕ ಹಾಕಿಕೊಂಡೇ ನೋಡಿದ್ದೇನೆ. ಒಂದೇ ಚುಚ್ಚು, ಸರಿಯಾದ ನಾಳದಲ್ಲಿ, ಸುತ್ತ ಎಲ್ಲೂ ನೀಲಿಗಟ್ಟಿರಲಿಲ್ಲ. ಅಷ್ಟು ಚೊಕ್ಕ ಕೈ ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಇಲ್ಲ.