ಪಿಶವಿ ತಗದಿಲ್ರಿ, ಹಚ್ಯಾರ

ಹಲೋ... ಯಾರ್ರಿ?... ಯಾರು ಮಾತಾಡೂದು?... ಅಯ್ಯ, ಅಕ್ಕಾರ! ಹೊಸ ನಂಬರ್ ಏನ್ರಿ, ಗುರ್ತ ಸಿಗ್ಲಿಲ್ಲ...

ಇಂದೂ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಕ್ಕಳ ಯುನಿಫಾರ್ಮಿಗೆ ಇಸ್ತ್ರಿ ತಿಕ್ಕುತ್ತಲೇ ಇದ್ದಳು. ತಳೇಗಾಂವದಲ್ಲಿರುವ ಗಂಡನ ಅಕ್ಕ ಇಷ್ಟು ಸಿಹಿಯಾಗಿ ಮಾತಾಡಿದರೆ ಹಿಂದೆ ಏನೋ ಇದ್ದೇ ಇರುತ್ತದೆ.

ಹಾಂ... ನಿಮ್ಮ ಮಗಳ ಕುಬಸಾ? ಸಾಯಲಿದು? ಐತವಾರ? ಭಾಳ ಛಲೋ ಆತ್ರಿ... ನನಗ ತ್ರಾಸ ಆಗ್ತದ? ಯಾಕ ಆಗ್ತದ್ರಿ?...

ಏನಂದ್ರಿ?... ಪಿಶವಿ ತಗದಾರ? ನಂದು?... ಗರ್ಭಚೀಲಾ? ಯಾರ ಹೇಳಿದ್ರು?... ನಿಮ್ಮ ತಮ್ಮ! ಓಹೋ. ಬಳಗಕ್ಕೆಲ್ಲಾ ಹೇಳ್ಯಾರ, ನನಗೊಂದ ಹೇಳೂದು ಮರ್ತಾರ ನೋಡ್ರಿ...

ಹೌದ್ರಿ, ನಿಮ್ದೂ ತಗದಾರ. ವಾರದಾಗ ಎದ್ದು ಕೊಡಾ ಎತ್ತಿದ್ರಿ. ಗೊತ್ತದ್ರಿ, ಹಬ್ಬಕ್ಕೊಮ್ಮೆ ಕೇಳೇನಿ...

ಅಕ್ಕಾರ, ನಂದು ತಗದಿಲ್ರಿ. ಹಚ್ಯಾರ... ಹಚ್ಯಾರ್ರಿ, ಹಚ್ಯಾರ! ಕರುಳಾಗ ಗಂಟ ಇತ್ತು. ಅದನ್ನ ಕೊಯ್ದು, ಹೊಟ್ಟಿ ಮ್ಯಾಲೆ ದಾರಿ ಮಾಡಿ, ಅಲ್ಲೊಂದ ಚೀಲ ಹಚ್ಯಾರ. ಸಂಡಾಸ ಅದರಾಗ ಬರ್ತದ... ಹೂಂ, ಸಂಡಾಸ. ಛೀ ಅನಬ್ಯಾಡ್ರಿ, ನಿಮಗೂ ಬರ್ತದ...

ಇಂದೂ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಚೀಲದ ಸಂಗತಿ ಎಲ್ಲರಿಗೂ ಗೊತ್ತು, ಹೇಸಿಕೊಂಡೇ ಯಾರೂ ಬರುತ್ತಿಲ್ಲ ಎಂದು ಇಷ್ಟು ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದಳು. ಇಲ್ಲಿ ನೋಡಿದರೆ ಯಾರಿಗೂ ಗೊತ್ತೇ ಇರಲಿಲ್ಲ!

ಹಲೋ? ಅದೀರೇನ್ರಿ?... ವಾಸನಿ? ಬರೂದಿಲ್ರಿ. ನಿಮ್ಮ ಮನಿ ಅಗರಬತ್ತಿ ಮುಂದ ಏನೂ ಅಲ್ಲ...

ಹಾಂ? ಬಾ, ಆದ್ರ ಅಡಗಿಮನಿಗೆ ಬರಬ್ಯಾಡ?... ಉಡೀನೂ ತುಂಬಸ್ಕೊಬ್ಯಾಡ? ಯಾಕ್ರಿ?... ಅಕ್ಕಿ, ಕಾಯಿ ದೇವರ ಮುಂದಿಟ್ಟದ್ದು, ಅಂಥಾ ಹೊಟ್ಟಿ ಮ್ಯಾಲೆ ಹೆಂಗ ಹಾಕೂದು?... ವಾ! ಸಂಡಾಸ ಇಲ್ದ ಯಾರ ಹೊಟ್ಟಿ ಅದರೀ ಅಕ್ಕಾರ? ನಿಮ್ದು ಒಳಗ ಕೂತದ, ಅದಕ್ಕ ಮಡಿ. ನಂದು ದಿನಾ ತೊಳಕೊಳ್ಳೂದು, ಅದಕ್ಕ ಮೈಲಿಗಿ. ಛಲೋ ಶಾಸ್ತ್ರ ತಗದ್ರಿ...

ಸಿಟ್ಟಿಲ್ರಿ, ನಗು ಬರ್ಲಿಕತ್ತದ... ಮಂದಿ ಏನಂತಾರ? ಅನ್ಲಿ ಬಿಡ್ರಿ, ಅವರ ಬಾಯಿಗೇನ ಚೀಲ ಹಚ್ಚಿಲ್ಲಲ್ಲ...

ಕೇಳ್ರಿ ಇಲ್ಲೆ. ಐತವಾರ ಮುಂಜಾನಿ ಲೋಕಲ್ ರೈಲ ಹಿಡದು ಬರ್ತೀನಿ. ಮುಂದ ಕೂಡ್ತೀನಿ. ಸೆರಗ ಒಡ್ಡತೀನಿ. ತುಂಬೋರು ಯಾರದೀರಿ, ಅದಷ್ಟ ಹೇಳ್ರಿ... ಹೇಳ್ರಿ ಅಂದೆ...

ಯಾರ ನಕ್ಕಿದ್ದು?... ಸ್ಪೀಕರ್ ಮ್ಯಾಲೆ ಹಾಕೀರೇನ್ರಿ? ಯಾರ್ಯಾರ ಅದಾರ ಅಲ್ಲೆ?... ಬೀಗರೂ? ಬಾಜೂ ಮನಿಯವ್ರೂ?... ಭೇಷ್! ಇನ್ನ ನಿಮ್ಮ ತಮ್ಮಗ ಸುಳ್ಳ ಹೇಳೂ ತ್ರಾಸ ಉಳೀತು...

ಇಂದೂಳ ಕಿವಿ ಸುಡುತ್ತಿತ್ತು. ಎಡಗೈ ತಾನಾಗಿ ಹೋಗಿ ಸೀರೆಯ ಮೇಲಿಂದ ಚೀಲ ಮುಚ್ಚಿಕೊಂಡಿತು.

ಯಾರು?... ಸಾಯಲಿ? ನೀ ಯಾಕ ಫೋನ್ ಕಸ್ಕೊಂಡಿ, ಬಸರಿ ಹೆಂಗಸು, ಕೂಡ ಸುಮ್ನ... ಏನಂದಿ? ಜೋರ ಹೇಳ... ನನ್ನ ಉಡಿ ನೀ ತುಂಬ್ತಿ?... ಚೀಲ ಯಾವ ಕಡೆ ಅಂದ್ರ?...

ಎಡಕ್ಕ ಅದವ್ವಾ. ಎಡಕ್ಕ... ಹಾಂ, ಹಾಂ, ಕಾಯಿ ಬಲಕ್ಕ ಇಡ. ಅಕ್ಕಿ ಎಷ್ಟರೆ ಹಾಕು, ನಿನ್ನ ಮಾಮಿ ತಡ್ಕೋತಾಳ... ಹಲೋ?... ಸಾಯಲಿ?... ಕೇಳಸ್ತೇನ, ಬಲಕ್ಕ... ಹಲೋ?...