ಕಾಲರಿನಲ್ಲೇ ಉಳಿದ ಮೈಕು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲೆ ಲ್ವಾನ್ ಅವರೇ, ವೇದಿಕೆಯ ಗಣ್ಯರೇ, ಈಗಷ್ಟೇ ನನ್ನ ಮುಖವನ್ನು ತೆರೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ನೋಡಿಯೂ ಎದ್ದು ಹೋಗದ ಸಹನಾಶೀಲ ಸಭಿಕರೇ,

ಹೂಗುಚ್ಛ ಕೊಟ್ಟು ನಾಲ್ಕು ಮಾತಾಡಿ ಎಂದಿದ್ದೀರಿ. ಮೆಕಾಂಗ್ ನದಿಯ ಕವಲಿನಲ್ಲಿ ಆಯಸ್ಸೆಲ್ಲ ಲಾಂಚು ಓಡಿಸಿದ ಈ ತೂ ಎಂಬವನಿಗೆ ಗೊತ್ತಿರುವ ಭಾಷಣ ಎರಡೇ. ಒಂದು, ‘ಬೇಗ ಹತ್ತಿ’. ಇನ್ನೊಂದು, ‘ನಿಧಾನ ಇಳೀರಿ’.

ನಿಮ್ಮ ಕಾಲೇಜಿನ ವಿಡಿಯೊ ತಂಡದ ಮಕ್ಕಳು ಲಾಂಚು ಹತ್ತಿಳಿಯುವ ನಮ್ಮ ಕಡವಿಗೆ ಬಂದಾಗ ಪಕ್ಕದ ಹೊಸ ಸೇತುವೆಗೆ ಕೆಲಸಗಾರರು ಬಣ್ಣ ಬಳಿಯುತ್ತಿದ್ದರು. ಸೇತುವೆ ತೆರೆದು ಲಾಂಚಿನ ಓಡಾಟ ನಿಲ್ಲುವ ಮುಂಚೆ ಅದರ ಸಾಕ್ಷ್ಯಚಿತ್ರ ತೆಗೆಯಬೇಕಂತೆ. ನಿರ್ದೇಶಕ ಖಾಯ್ ಅಲ್ಲಿ ಕುಳಿತಿದ್ದಾನೆ, ನೋಡಿ, ಈಗೇನೋ ಬಹಳ ಸಾಧು. ಅಂದು ಮಾತ್ರ, “ಚಿಕ್ಕಪ್ಪ, ಸಹಜವಾಗಿರಿ. ಆ ಹಗ್ಗ ಇನ್ನೊಂದ್ಸಲ ಕಟ್ಟಿ” ಎಂದ. ಕಟ್ಟಿದೆ. “ಅಯ್ಯೋ, ಮೋಡ ಬಂತು. ಬಿಚ್ಚಿ ಕಟ್ಟಿ.” ಬಿಚ್ಚಿ ಕಟ್ಟಿದೆ. ಲಾಂಚಿನಲ್ಲಿದ್ದ ಜನ ಸುಮ್ಮನಿರುತ್ತಾರೆಯೇ? “ಏನ್ ತೂ ಅಣ್ಣಾ, ದಾಟಿಸ್ತೀಯೋ, ಇಲ್ಲೇ ಒಲೆ ಹೂಡೋಣ್ವೋ?” ಸಹಜವಾಗಿರಿ ಎಂದು ಹೇಳಿಸಿಕೊಂಡ ಮೇಲೆ ಸಹಜವಾಗಿರಲು ಯಾರಿಗೆ ಸಾಧ್ಯ, ಸಭಿಕರೇ?

ನನ್ನ ಹೆಂಡತಿ ನ್ಯಾನ್ ಕಡವಿನಲ್ಲಿ ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿ ಅನ್ನ ಮಾರುತ್ತಿದ್ದವಳು. ಕ್ಯಾಮರಾ ಬರುತ್ತದೆಂದು ತಿಳಿದಿದ್ದೇ ತಡ, ಹೊಸವರ್ಷಕ್ಕೆಂದು ಎತ್ತಿಟ್ಟಿದ್ದ ರೇಷ್ಮೆ ಉಡುಪು ತೊಟ್ಟು ಬುಟ್ಟಿಯ ಮುಂದೆ ಕುಳಿತಳು. ಏನೇ ಇದು ಎಂದರೆ, “ತೆರೆ ಮೇಲೆ ಬರೋಳು ನಾನು. ನಿಮಗ್ಯಾಕೆ ಹೊಟ್ಟೆಯುರಿ?” ಎಂದಳು. ಇವತ್ತೂ ಅದೇ ಉಡುಪಿನಲ್ಲಿ ಮೂರನೇ ಸಾಲಿನಲ್ಲಿದ್ದಾಳೆ.

ಕೊನೆಯಲ್ಲಿ ಖಾಯ್ ಕೇಳಿದ: “ಲಾಂಚು ನಿಂತ್ರೆ ಬೇಜಾರಾಗಲ್ವಾ ಚಿಕ್ಕಪ್ಪ?” ನಾನು ಎದೆಯುಬ್ಬಿಸಿ, “ಬೇಜಾರ್ಯಾಕೆ? ಕಾಲು ಚಾಚಿ ನಿದ್ದೆ ಮಾಡ್ತೀನಿ” ಎಂದೆ. ಅದನ್ನು ನೀವು ಈಗ ನೋಡಿದಿರಿ, ಚಪ್ಪಾಳೆಯನ್ನೂ ತಟ್ಟಿದಿರಿ. ಆಮೇಲಿನದು ನೀವು ನೋಡಿಲ್ಲ. ನಾನು ಇಂಜಿನ್ ಕೋಣೆಗೆ ಇಳಿದೆ. ಕಾಲರಿಗೆ ಸಿಕ್ಕಿಸಿದ್ದ ಹುರುಳಿಕಾಳಿನಷ್ಟು ಚಿಕ್ಕ ಮೈಕನ್ನು ಬಿಚ್ಚಿಕೊಳ್ಳಲು ಅವರು ಮರೆತರು, ಅದು ಅಲ್ಲಿದೆ ಎಂಬುದನ್ನು ನಾನೂ ಮರೆತೆ. ಇಂಜಿನ್ನಿನ ಜೊತೆ ಮಾತಾಡುವುದು ನನ್ನ ಹಳೆಯ ಚಟ. ದಡದಲ್ಲಿ ಧ್ವನಿ ನೋಡಿಕೊಳ್ಳುವ ಹುಡುಗಿ ದಿಯೆಮ್ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಳು.

ಮಾರನೆಯ ದಿನ ಬಂದಳು. “ತಪ್ಪು ನಮ್ದು ಚಿಕ್ಕಪ್ಪ. ನೀವಾಡಿದ್ದೆಲ್ಲ ರೆಕಾರ್ಡ್ ಆಗ್ಬಿಟ್ಟಿದೆ. ನೀವು ಹೂಂ ಅಂದ್ರೆ ಮಾತ್ರ ಹಾಕ್ತೀವಿ” ಎಂದು ಹೇಳಿ ಅದನ್ನು ನನಗೆ ಕೇಳಿಸಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. “ಅಳಿಸ್ಬಿಡಮ್ಮ. ನಿಮ್ಮ ಚಿಕ್ಕಮ್ಮ ಕೇಳಿದ್ರೆ ಸಾಯೋವರೆಗೂ ಆಡ್ಕೊಂಡು ನಗ್ತಾಳೆ” ಎಂದೆ. ಖಾಯ್ ಅಳುವುದೊಂದು ಬಾಕಿ. “ನಮ್ಮ ಚಿತ್ರದ ಜೀವವೇ ಅದು, ಚಿಕ್ಕಪ್ಪ!” ಆದರೂ ನನ್ನ ಕಣ್ಣೆದುರೇ ಅಳಿಸಿದರು.

ಸ್ಪರ್ಧೆಯಲ್ಲಿ ತೀರ್ಪುಗಾರರು ‘ಎಲ್ಲ ಚೆನ್ನ, ಕೊನೆ ಸಪ್ಪೆ’ ಎಂದು ಬಹುಮಾನ ತಪ್ಪಿಸಿದರಂತೆ. ಈ ಮಕ್ಕಳು ಕಾರಣವನ್ನು ಯಾರಿಗೂ ಹೇಳಲಿಲ್ಲ. ತಮ್ಮ ಪ್ರಾಂಶುಪಾಲರಿಗೂ ಹೇಳಲಿಲ್ಲವೆಂದು ಈಗ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಇಂಥ ಮಕ್ಕಳ ಅಡುಗೆ ಸಪ್ಪೆಯಾಗಿ ಉಳಿಯಬಾರದು. ಉಪ್ಪು ನನ್ನ ಬಳಿ ಇದೆ, ಹಾಕುತ್ತೇನೆ.

ಅಂದು ಇಂಜಿನ್ನಿಗೆ ಹೇಳಿದ್ದು ಇಷ್ಟೇ: “ಆಚೆ ದಡದಿಂದ ವಾಪಸ್ ಬಂದಾಗ್ಲೆಲ್ಲ ಅವ್ಳು ಬುಟ್ಟಿಯಿಂದ ತಲೆ ಎತ್ತಿ ನೋಡ್ತಿದ್ಲು ಕಣೋ. ಆ ನೋಟಕ್ಕೇ ನಿನ್ನ ಓಡಿಸ್ತಿದ್ದೆ. ಇನ್ಮೇಲೆ ಹೋಗೋದೇ ಇಲ್ಲ ಅಂದ್ಮೇಲೆ ಬರೋದು ಹೇಗೋ? ಮನೇಲೇ ಬಿದ್ದಿರೋನ್ನ ಯಾರು ತಲೆ ಎತ್ತಿ ನೋಡ್ತಾರೆ?”

ನಗುವವರು ನಗಬಹುದು. ದಿಯೆಮ್ ಮಗಳೇ, ನಿನ್ನ ಯಂತ್ರ ಓಡುತ್ತಿದೆ ತಾನೇ? ಇದನ್ನು ಅಳಿಸಬೇಡ. ಕೊಟ್ಟ ಮಾತು ಉಳಿಸಿಕೊಂಡ ಇಡೀ ತಂಡಕ್ಕೆ, ಇಷ್ಟು ಹೊತ್ತು ತಾಳಿಕೊಂಡ ನಿಮಗೆ ನನ್ನ ಧನ್ಯವಾದ. ಮೂರನೇ ಸಾಲಿನಲ್ಲಿ ಇಷ್ಟು ಹೊತ್ತು ಬೀಸಣಿಗೆ ಮಡಚುತ್ತಾ ತಲೆ ತಗ್ಗಿಸಿ ಕುಳಿತಿದ್ದವಳು, ನೋಡಿ, ಈಗ ತಲೆ ಎತ್ತಿದಳು.

ಲಾಂಚು ದಡ ಮುಟ್ಟಿತು. ನಿಧಾನ ಇಳೀರಿ. ನಮಸ್ಕಾರ.